ಡಂಗುರದವನ ಮನೆ ಬಾಗಿಲು

2004ರ ಫೆಬ್ರುವರಿ ಮೊದಲ ವಾರದಲ್ಲಿ ಭೂಮಿಯ ಎರಡು ಮೂಲೆಗಳ ಎರಡು ವಿದ್ಯಾಲಯಗಳಲ್ಲಿ ಎರಡು ಕೆಲಸ ಶುರುವಾದವು. 1ನೇ ತಾರೀಖು ಚೆನ್ನೈನ ಗಿಂಡಿಯಲ್ಲಿ, ಅಣ್ಣಾ ವಿಶ್ವವಿದ್ಯಾಲಯದ ಆವರಣದಿಂದ, ಅಣ್ಣಾ ಎಫ್‌ಎಂ ಎಂಬ ಪುಟ್ಟ ಬಾನುಲಿ ಕೇಂದ್ರ 90.4 ಮೆಗಾಹರ್ಟ್ಸ್‌ನಲ್ಲಿ ಮಾತಾಡತೊಡಗಿತು. ಭಾರತದ ಮೊದಲ ಕ್ಯಾಂಪಸ್ ಸಮುದಾಯ ರೇಡಿಯೋ ಅದು. ಮೂರು ದಿನ ಕಳೆದು, 4ನೇ ತಾರೀಖು, ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ನಿಲಯದ ಕೋಣೆಯೊಂದರಿಂದ ಫೇಸ್‌ಬುಕ್ ಹೊರಟಿತು.

ಹುಟ್ಟುವಾಗ ಎರಡಕ್ಕೂ ಬೇಲಿಯಿತ್ತು. ಹಾರ್ವರ್ಡಿನ ಇ-ಮೇಲ್ ವಿಳಾಸ ಇಲ್ಲದವರಿಗೆ ಫೇಸ್‌ಬುಕ್ಕಿನಲ್ಲಿ ಪ್ರವೇಶವಿರಲಿಲ್ಲ. ಗಿಂಡಿಯ ರೇಡಿಯೋ ಕೆಲವು ಕಿಲೋಮೀಟರ್ ಆಚೆಗೆ ಕೇಳುತ್ತಿರಲಿಲ್ಲ. ಎರಡೂವರೆ ವರ್ಷದ ಮೇಲೆ ಎರಡೂ ಬೇಲಿಗಳು ಸಡಿಲವಾದದ್ದೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ. 2006ರ ಸೆಪ್ಟೆಂಬರಿನಲ್ಲಿ ಹದಿಮೂರು ವರ್ಷ ತುಂಬಿದ ಯಾರು ಬೇಕಾದರೂ ಬರಬಹುದೆಂದು ಫೇಸ್‌ಬುಕ್ ಬಾಗಿಲು ತೆರೆಯಿತು. ಅದೇ ವರ್ಷದ ನವೆಂಬರಿನಲ್ಲಿ ಭಾರತ ಸರ್ಕಾರ, ಅಲ್ಲಿಯವರೆಗೆ ಶಿಕ್ಷಣ ಸಂಸ್ಥೆಗಳಿಗೆ ಮಾತ್ರ ಸಿಗುತ್ತಿದ್ದ ಸಮುದಾಯ ರೇಡಿಯೋ ಪರವಾನಗಿಯನ್ನು ಸ್ವಯಂಸೇವಾ ಸಂಸ್ಥೆಗಳಿಗೂ ಕೊಡಲು ಒಪ್ಪಿತು. ಅಲ್ಲಿಂದಾಚೆ ಇವೆರಡರ ದಾರಿ ಕವಲೊಡೆಯಿತು. ಸಂಗೀತಕ್ಕೂ ಊರಿನ ಮಾತುಕತೆಗೂ ಇಂಟರ್‌ನೆಟ್ ಏನು ಮಾಡಿದೆ ಎಂಬುದನ್ನು ತಿಳಿಯಲು ನನಗೆ ಆ ಕವಲಿಗಿಂತ ಒಳ್ಳೆಯ ಜಾಗ ಕಾಣುವುದಿಲ್ಲ.

ಗಿಂಡಿ ಸ್ವಲ್ಪ ವಿಚಿತ್ರ ಜಾಗ. ಒಂದು ಕಡೆ ಕುದುರೆ ಓಟದ ಬಯಲು, ಇನ್ನೊಂದು ಕಡೆ ರಾಜಭವನ, ನಡುವೆ ಮಹಾನಗರದ ಹೊಟ್ಟೆಯೊಳಗೇ ಕೃಷ್ಣಮೃಗ ಚುಕ್ಕೆ ಜಿಂಕೆಗಳು ಮೇಯುವ ಕಾಡು. 1794ರಲ್ಲಿ ಭೂಮಾಪನ ಕಲಿಸಲು ಹುಟ್ಟಿದ ಶಾಲೆಯೊಂದು ಬೆಳೆದು ಎಂಜಿನಿಯರಿಂಗ್ ಕಾಲೇಜಾಗಿ 1920ರಲ್ಲಿ ಇಲ್ಲಿನ ಕೆಂಪು ಕಟ್ಟಡಕ್ಕೆ ಬಂತು. ಅಣ್ಣಾ ವಿಶ್ವವಿದ್ಯಾಲಯದ ಬೇರು ಅದೇ. ಅಲ್ಲಿನ ಮಲ್ಟಿಮೀಡಿಯಾ ಸಂಶೋಧನಾ ಕೇಂದ್ರದವರು ರೇಡಿಯೋ ಶುರುಮಾಡಿದಾಗ ಅವರ ಕಣ್ಣ ಮುಂದೆ ಇದ್ದವರು ಆವರಣದ ಗೋಡೆಯಾಚೆಗಿನ ಜನ. ಹೆಂಗಸರ ಆರೋಗ್ಯ, ಮನೆಗೆಲಸದಲ್ಲಿನ ವಿಜ್ಞಾನ, ಮಕ್ಕಳ ಓದು, ನಡುನಡುವೆ ಹಾಡು. ಕೇಳುವವರು ಬೇಕೆಂದರೆ ನಡೆದು ಬಂದು ಬಾಗಿಲು ತಟ್ಟಬಹುದಾದಷ್ಟು ದೂರದ ರೇಡಿಯೋ.

ಈ ಬಾಗಿಲು ತಟ್ಟುವ ವಿಷಯವನ್ನೇ ನಾನು ಹಿಡಿದುಕೊಳ್ಳುತ್ತೇನೆ. ನಮ್ಮ ಹಳ್ಳಿಗಳಲ್ಲಿ ಡಂಗುರ ಸಾರುವವನಿದ್ದ. ನಾಳೆ ಕಂದಾಯ ಕಟ್ಟಬೇಕು, ನಾಡಿದ್ದು ಕೆರೆ ತೂಬು ಎತ್ತುತ್ತಾರೆ, ಅಮಾವಾಸ್ಯೆಗೆ ಮಾರಿಹಬ್ಬ ಎಂದು ತಮಟೆ ಬಡಿದು ಬೀದಿಬೀದಿ ಸಾರುತ್ತಿದ್ದ. ಅವನು ಸಾರಿದ್ದು ಸುಳ್ಳಾದರೆ ಮರುದಿನ ಬೆಳಗ್ಗೆ ಊರವರು ಅವನ ಮನೆ ಜಗಲಿಗೆ ಹೋಗಿ ಕೂರುತ್ತಿದ್ದರು. ಅವನ ಮನೆ ಎಲ್ಲಿದೆಯೆಂದು ಎಲ್ಲರಿಗೂ ಗೊತ್ತಿತ್ತು. ದನಿಗೂ ಮನೆಗೂ ಇದ್ದ ಆ ನಂಟು ಎಷ್ಟು ದೊಡ್ಡದೆಂಬುದು ಅದು ಕಡಿದುಹೋದ ಮೇಲೆ ತಿಳಿಯುತ್ತಿದೆ.

ರೇಡಿಯೋ ಬಂದಾಗ ಅದು ಕಡಿಯಲಿಲ್ಲ. ಮದ್ರಾಸಿನಲ್ಲಿ 1924ರಲ್ಲಿ ಸಿ.ವಿ. ಕೃಷ್ಣಸ್ವಾಮಿ ಚೆಟ್ಟಿಯವರು ಮದ್ರಾಸ್ ಪ್ರೆಸಿಡೆನ್ಸಿ ರೇಡಿಯೋ ಕ್ಲಬ್ ಕಟ್ಟಿದರು. ಹಣ ಮುಗಿದ ಮೇಲೆ ನಗರಪಾಲಿಕೆ ಆ ಕೆಲಸವನ್ನು ಕೈಗೆತ್ತಿಕೊಂಡು, 1938ರಲ್ಲಿ ಆಲ್ ಇಂಡಿಯಾ ರೇಡಿಯೋ ಕೇಂದ್ರ ಬರುವವರೆಗೆ ಪ್ರಸಾರ ನಡೆಸಿತು. ನಮ್ಮ ಮೈಸೂರಿನಲ್ಲಿ 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ಒಂಟಿಕೊಪ್ಪಲಿನ ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಇಡೀ ದೇಶಕ್ಕೆ ಹೋದದ್ದು ಆ ಮನೆಯಿಂದ. ಅದು ಆಕಾಶದಿಂದ ಬಂದ ವಾಣಿಯಾದರೂ ಬಾಗಿಲು ಒಂಟಿಕೊಪ್ಪಲಿನಲ್ಲಿತ್ತು.

ಬಾಗಿಲು ಇದ್ದುದರಿಂದ ಎಲ್ಲವೂ ನ್ಯಾಯವಾಗಿ ನಡೆಯಿತೆಂದು ನಾನು ಹೇಳುವುದಿಲ್ಲ. ಬಾಗಿಲಲ್ಲಿ ಕಾವಲುಗಾರರಿದ್ದರು. ಸಂಗೀತ ಸಭಾಗಳ ಕಾರ್ಯದರ್ಶಿಗಳು ಯಾರು ಹಾಡಬೇಕು, ಮಧ್ಯಾಹ್ನ ಹಾಡಬೇಕೋ ಸಂಜೆಯೋ ಎಂದು ತೀರ್ಮಾನಿಸುತ್ತಿದ್ದರು. ರೇಡಿಯೋದ ಧ್ವನಿ ಪರೀಕ್ಷೆ ದಾಟದವರ ಹಾಡು ಜನರನ್ನು ಮುಟ್ಟುತ್ತಿರಲಿಲ್ಲ. 1952ರಲ್ಲಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವರಾದ ಬಿ.ವಿ. ಕೇಸ್ಕರ್ ಅವರಿಗೆ ಸಿನಿಮಾ ಹಾಡು ಹಿಡಿಸುತ್ತಿರಲಿಲ್ಲ, ಆಕಾಶವಾಣಿಯಿಂದ ಅವು ಬಹುಮಟ್ಟಿಗೆ ಮರೆಯಾದವು. ಜನ ಏನು ಮಾಡಿದರು? ರೇಡಿಯೋ ಸಿಲೋನಿಗೆ ಮುಳ್ಳು ತಿರುಗಿಸಿದರು. ಸರ್ಕಾರಕ್ಕೆ ಅದು ಕೇಳಿಸಿತು, 1957ರಲ್ಲಿ ವಿವಿಧಭಾರತಿ ಬಂತು. ತಡೆದವರು ಯಾರು, ಏಕೆ ತಡೆದರು ಎಂಬುದು ಗೊತ್ತಿದ್ದುದರಿಂದ ಅವರನ್ನು ಬಳಸಿಕೊಂಡು ಹೋಗುವ ದಾರಿಯೂ ಜನರಿಗೆ ಹೊಳೆಯಿತು.

ಯಂತ್ರಗಳು ಸಂಗೀತದ ಮೈಕಟ್ಟನ್ನು ಬದಲಿಸುವುದು ಹೊಸದಲ್ಲ. 78 ಸುತ್ತಿನ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಲ್ಲಿ ಮೂರು, ಮೂರೂವರೆ ನಿಮಿಷಕ್ಕೆ ಮಾತ್ರ ಜಾಗವಿತ್ತು. ಒಂದು ಗಂಟೆ ರಾಗ ಬಿಡಿಸುತ್ತಿದ್ದವರು ಅದರ ಸಾರವನ್ನು ಮೂರು ನಿಮಿಷಕ್ಕೆ ಇಳಿಸುವುದನ್ನು ಕಲಿತರು. ಮೈಕು ಬಂದ ಮೇಲೆ, ಸಭಾಂಗಣದ ಹಿಂದಿನ ಸಾಲಿಗೆ ತಲುಪಲೆಂದು ಏರು ಶ್ರುತಿಯಲ್ಲಿ ಹಾಡುವ ಅಗತ್ಯ ಹೋಯಿತು, ಮೆಲುದನಿಯ ನಯಕ್ಕೆ ಬೆಲೆ ಬಂತು. ಈಗ ಮೊಬೈಲಿನ ಸರದಿ. ಸ್ಪಾಟಿಫೈನಲ್ಲಿ ಒಂದು ಹಾಡನ್ನು 30 ಸೆಕೆಂಡು ಕೇಳಿದರೆ ಮಾತ್ರ ಅದು ಒಂದು ಕೇಳಿಕೆ ಎಂದು ಲೆಕ್ಕಕ್ಕೆ ಬರುತ್ತದೆ. ಅಷ್ಟರೊಳಗೆ ಕೇಳುಗನ ಹೆಬ್ಬೆರಳು ಪರದೆಯನ್ನು ಸರಿಸದಂತೆ ಹಿಡಿಯಬೇಕು. ಆದ್ದರಿಂದ ಪಲ್ಲವಿಗೆ ಮುಂಚೆ ಬರುತ್ತಿದ್ದ ಕೊಳಲು, ಪಿಟೀಲುಗಳ ಉದ್ದನೆಯ ಪೀಠಿಕೆ ಕರಗುತ್ತ ಬಂದಿದೆ. 2020ರ ಜೂನ್ ಕೊನೆಗೆ ಭಾರತ ಟಿಕ್‌ಟಾಕನ್ನು ನಿಷೇಧಿಸಿತು. ಕೆಲವೇ ವಾರಗಳಲ್ಲಿ ಇನ್‌ಸ್ಟಾಗ್ರಾಮಿನ ರೀಲ್ಸ್, ಸೆಪ್ಟೆಂಬರಿನಲ್ಲಿ ಯೂಟ್ಯೂಬಿನ ಶಾರ್ಟ್ಸ್ ಆ ಜಾಗಕ್ಕೆ ಬಂದವು. ಈಗ ಹಾಡು ಕಟ್ಟುವವರು ಕುಣಿಯಲು ಒಗ್ಗುವ ಸಾಲು ಯಾವುದೆಂದು ಮೊದಲು ಹುಡುಕಿ, ಉಳಿದ ಹಾಡನ್ನು ಅದರ ಸುತ್ತ ಹೆಣೆಯುತ್ತಾರೆ.

ನನಗೆ ಇದರಿಂದ ದುಃಖವೇನೂ ಇಲ್ಲ. ತಟ್ಟೆಯ ಮೂರು ನಿಮಿಷವೂ ಒಂದು ಕಾಲಕ್ಕೆ ಹಿರಿಯರ ಕಣ್ಣಿಗೆ ಅಪಚಾರವಾಗಿಯೇ ಕಂಡಿದ್ದಿರಬೇಕು, ಅದರಲ್ಲೇ ಅಮೃತದಂಥ ಹಾಡುಗಳು ಉಳಿದುಬಂದಿವೆ. ಮೇಲಾಗಿ ಇಂಟರ್‌ನೆಟ್ ಒಡೆದ ಬಾಗಿಲುಗಳಲ್ಲಿ ಹಲವು ಒಡೆಯಲೇಬೇಕಾಗಿದ್ದವು. ಕನ್ನಡ ಸಿನಿಮಾ ಹಾಡುಗಳ ಚರಿತ್ರೆಯಲ್ಲಿ ಮದ್ರಾಸಿನ ಪಾತ್ರ ಎಂಥದ್ದೆಂದು ಹಳಬರಿಗೆ ಗೊತ್ತು. ಗಿಂಡಿಯಿಂದ ಸ್ವಲ್ಪ ಉತ್ತರಕ್ಕೆ ವಡಪಳನಿ, ಕೋಡಂಬಾಕ್ಕಂ. ದಶಕಗಳ ಕಾಲ ನಮ್ಮ ಹಾಡುಗಳ ಧ್ವನಿಮುದ್ರಣ ನಡೆದದ್ದು ಅಲ್ಲಿನ ಸ್ಟುಡಿಯೋಗಳಲ್ಲಿ. ಜಿ.ಕೆ. ವೆಂಕಟೇಶ್, ಟಿ.ಜಿ. ಲಿಂಗಪ್ಪ, ಪಿ.ಬಿ. ಶ್ರೀನಿವಾಸ್, ಎಸ್. ಜಾನಕಿ ಇವರೆಲ್ಲ ಕನ್ನಡಕ್ಕೆ ದನಿಯಾದದ್ದು ಆ ಊರಿನಿಂದ. ಹಾಡಬೇಕೆಂಬ ಆಸೆಯ ಹುಡುಗ ಹುಡುಗಿಯರು ರಾತ್ರಿ ರೈಲು ಹತ್ತಿ ಅಲ್ಲಿಗೆ ಹೋಗಬೇಕಿತ್ತು, ಹೋಗಿ ಕಾಯಬೇಕಿತ್ತು. ಇವತ್ತು ವಿಜಯಪುರ, ಬೆಳಗಾವಿ, ಬಾಗಲಕೋಟೆಯ ಕಡೆಯ ಜಾನಪದ ಹಾಡುಗಾರರು ತಮ್ಮ ಊರಲ್ಲೇ ಹಾಡು ಕಟ್ಟಿ, ತಮ್ಮ ಊರ ಮಾತಿನಲ್ಲೇ ಹಾಡಿ ಯೂಟ್ಯೂಬಿಗೆ ಏರಿಸುತ್ತಾರೆ. ಟ್ರ್ಯಾಕ್ಟರಿನ ಸ್ಪೀಕರಿನಲ್ಲಿ, ಜಾತ್ರೆಯ ಡಿಜೆಯಲ್ಲಿ ಅವು ಮೊಳಗುತ್ತವೆ. ನಿಮ್ಮ ಮಾತು ಸಿನಿಮಾಕ್ಕೆ ಹೊಂದುವುದಿಲ್ಲ ಎಂದು ಅವರಿಗೆ ಹೇಳುವವರು ಈಗ ಯಾರೂ ಇಲ್ಲ.

ಚೆನ್ನೈಯಲ್ಲೇ ನೋಡಿ. 2011ರ ನವೆಂಬರಿನಲ್ಲಿ ‘ವೈ ದಿಸ್ ಕೊಲವೆರಿ ಡಿ’ ಯೂಟ್ಯೂಬಿಗೆ ಬಂದಾಗ ಸಂಗೀತ ನಿರ್ದೇಶಕ ಅನಿರುದ್ಧ್‌ಗೆ 21 ವರ್ಷ. ಸಿನಿಮಾ ತೆರೆಗೆ ಬರುವ ಎಷ್ಟೋ ಮುಂಚೆ ಹಾಡು ಊರೂರು ಸುತ್ತಿತ್ತು. ಹಾಡು ಸಿನಿಮಾದ ಬಾಲವಾಗಿದ್ದ ಕಾಲ ಮುಗಿಯಿತೆಂದು ದಕ್ಷಿಣದ ನಿರ್ಮಾಪಕರಿಗೆಲ್ಲ ಅರಿವಾದದ್ದು ಆಗಲೇ. ಆದರೆ ನನ್ನ ಮನಸ್ಸಿನಲ್ಲಿ ಉಳಿದಿರುವುದು ಇನ್ನೆರಡು. 2015ರ ಜುಲೈ ಕೊನೆಗೆ ಚೆನ್ನೈನ ಸೋಫಿಯಾ ಅಶ್ರಫ್ ‘ಕೊಡೈಕನಾಲ್ ವೋಂಟ್’ ಎಂಬ ರ್‍ಯಾಪ್ ಹಾಡಿದರು. ಕೊಡೈಕನಾಲಿನಲ್ಲಿ 2001ರಲ್ಲಿ ಮುಚ್ಚಿದ ಥರ್ಮಾಮೀಟರ್ ಕಾರ್ಖಾನೆಯ ಪಾದರಸ ಕೆಲಸಗಾರರ ಮೈಗೂ ಮಣ್ಣಿಗೂ ಸೇರಿತ್ತು, ಹದಿನಾಲ್ಕು ವರ್ಷ ಹೋರಾಡಿದರೂ ದೇಶದ ಕಿವಿಗೆ ಅದು ಬಿದ್ದಿರಲಿಲ್ಲ. ಮೂರು ನಿಮಿಷದ ಹಾಡು ಲಕ್ಷಾಂತರ ಜನರನ್ನು ಮುಟ್ಟಿತು. 2016ರ ಮಾರ್ಚಿನಲ್ಲಿ ಕಂಪನಿ 591 ಮಾಜಿ ಕೆಲಸಗಾರರ ಜೊತೆ ಪರಿಹಾರದ ಒಪ್ಪಂದಕ್ಕೆ ಬಂತು. ಒಂದು ಹಾಡಿನಿಂದಲೇ ಅದಾಯಿತೆನ್ನಲಾರೆ, ವರ್ಷಗಟ್ಟಲೆ ಅಲೆದವರ ಬೆವರು ಅದರ ಹಿಂದಿದೆ. 2017ರ ಜನವರಿಯಲ್ಲಿ ಕರ್ನಾಟಕ ಸಂಗೀತದ ಗಾಯಕ ಟಿ.ಎಂ. ಕೃಷ್ಣ ಅವರು ಎಣ್ಣೂರಿನ ಅಳಿವೆಯಲ್ಲಿ ನಿಂತು, ವಿದ್ಯುತ್ ಸ್ಥಾವರದ ಬೂದಿಯ ನಡುವೆ, ‘ಚೆನ್ನೈ ಪೊರಂಬೋಕು ಪಾಡಲ್’ ಹಾಡಿದರು. ಕಬೇರ್ ವಾಸುಕಿ ಬರೆದ ಆಡುಮಾತಿನ ಸಾಹಿತ್ಯ, ರಾಗಮಾಲಿಕೆಯ ಕಟ್ಟು. ಪೊರಂಬೋಕು ಎಂಬುದು ನಮ್ಮ ಗೋಮಾಳ, ಖರಾಬು, ಗುಂಡುತೋಪುಗಳ ಹಾಗೆ ಊರಿಗೆಲ್ಲ ಸೇರಿದ ನೆಲ, ಬಯ್ಗುಳವಾಗಿ ಸವೆದಿದ್ದ ಆ ಪದಕ್ಕೆ ಹಾಡು ಮಾನ ತಂದಿತು. ಇವೆರಡನ್ನೂ ಯಾವ ಸಭಾ ಕಾರ್ಯದರ್ಶಿಯೂ ವೇದಿಕೆಗೆ ಕರೆಯುತ್ತಿರಲಿಲ್ಲ, ಯಾವ ಧ್ವನಿಮುದ್ರಿಕೆ ಕಂಪನಿಯೂ ಹೊರತರುತ್ತಿರಲಿಲ್ಲ.

ಹಾಗಾದರೆ ನನ್ನ ತಕರಾರೇನು?

ಹಳೆಯ ಕಾವಲುಗಾರರು ಹೋದ ಜಾಗದಲ್ಲಿ ಹೊಸ ಕಾವಲುಗಾರ ಬಂದಿದ್ದಾನೆ, ಅವನು ಎಲ್ಲಿ ಕುಳಿತಿದ್ದಾನೆಂಬುದು ಹಾಡುವವರಿಗೂ ತಿಳಿದಿಲ್ಲ, ಕೇಳುವವರಿಗೂ ತಿಳಿದಿಲ್ಲ. 2020ರ ಲಾಕ್‌ಡೌನಿನಲ್ಲಿ ಇದು ಚೆನ್ನೈನ ಸಂಗೀತಗಾರರ ಅನುಭವಕ್ಕೆ ಬಂತು. ಸಭಾಂಗಣಗಳಿಗೆ ಬೀಗ. ವಿದ್ವಾಂಸರು ಮನೆಯ ಕೋಣೆಯಲ್ಲಿ ತಂಬೂರಿ ಆಪ್ ಹಚ್ಚಿ, ಮೊಬೈಲ್ ನಿಲ್ಲಿಸಿ ನೇರಪ್ರಸಾರ ಶುರುಮಾಡಿದರು. ಆ ವರ್ಷದ ಮಾರ್ಗಳಿ ಉತ್ಸವವನ್ನೂ ಮ್ಯೂಸಿಕ್ ಅಕಾಡೆಮಿ ಮತ್ತು ನಗರದ ಸಭಾಗಳು ಆನ್‌ಲೈನಿನಲ್ಲೇ ನಡೆಸಿದವು. ಶಿವಮೊಗ್ಗೆಯಲ್ಲಿ, ನ್ಯೂಜೆರ್ಸಿಯಲ್ಲಿ ಕುಳಿತವರು ಮೊದಲ ಸಾಲಿನ ರಸಿಕರಾದರು. ಅದು ದೊಡ್ಡ ಭಾಗ್ಯ. ಆದರೆ ಹಾಡುತ್ತಿದ್ದ ಹಾಗೇ ಹಲವರ ಪ್ರಸಾರ ನಿಂತುಹೋಗುತ್ತಿತ್ತು, ಇಲ್ಲವೇ ದನಿ ಅಳಿಸಿಹೋಗುತ್ತಿತ್ತು. ಪರದೆಯ ಮೇಲೆ ಒಂದು ಸೂಚನೆ: ನಿಮ್ಮ ವಿಡಿಯೋದಲ್ಲಿ ಇನ್ನೊಬ್ಬರ ಹಕ್ಕಿಗೆ ಸೇರಿದ ಸಂಗೀತವಿದೆ.

ಹಾಡುತ್ತಿದ್ದುದು ತ್ಯಾಗರಾಜರ ಕೃತಿ. ತ್ಯಾಗರಾಜರು ತೀರಿಕೊಂಡದ್ದು 1847ರಲ್ಲಿ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ರಚನೆಯ ಹಕ್ಕು ಕರ್ತೃ ಸತ್ತು 60 ವರ್ಷದವರೆಗೆ ಮಾತ್ರ. ತ್ಯಾಗರಾಜರಾಗಲಿ ಪುರಂದರದಾಸರಾಗಲಿ ಈಗ ಯಾರ ಸೊತ್ತೂ ಅಲ್ಲ. ಒಂದು ನಿರ್ದಿಷ್ಟ ಧ್ವನಿಮುದ್ರಣದ ಹಕ್ಕು ಮಾತ್ರ ಅದನ್ನು ಹೊರತಂದ ಕಂಪನಿಗೆ ಇರುತ್ತದೆ. ಈ ವ್ಯತ್ಯಾಸ ಮನುಷ್ಯನಿಗೆ ಹೇಳಿದರೆ ಅರ್ಥವಾಗುತ್ತದೆ. ಯಂತ್ರ ಕೆಲಸ ಮಾಡುವ ರೀತಿಯೇ ಬೇರೆ. ಪ್ರತಿ ಧ್ವನಿಮುದ್ರಣದಲ್ಲಿ ಯಾವ ಕ್ಷಣಕ್ಕೆ ಯಾವ ಸ್ವರದ ಅಲೆ ಎಷ್ಟು ಎತ್ತರಕ್ಕೆ ಎದ್ದಿದೆಯೆಂದು ಗುರುತುಮಾಡಿ, ಬೆರಳಚ್ಚಿನಂಥ ಒಂದು ನಕ್ಷೆ ಬರೆದಿಟ್ಟುಕೊಂಡಿರುತ್ತದೆ. ಹೊಸದಾಗಿ ಬಂದ ಪ್ರತಿ ವಿಡಿಯೋದ ದನಿಯನ್ನೂ ಆ ನಕ್ಷೆಗಳ ರಾಶಿಯ ಜೊತೆ ತಾಳೆ ನೋಡುತ್ತದೆ. ಯೂಟ್ಯೂಬ್ 2007ರಿಂದ ಬಳಸುತ್ತಿರುವ ಕಂಟೆಂಟ್ ಐಡಿ ಈ ಬಗೆಯದು. ಸಿನಿಮಾ ಹಾಡನ್ನು ಕದ್ದು ಏರಿಸುವವರನ್ನು ಹಿಡಿಯಲು ಇದು ಸರಿ. ಆದರೆ ಕರ್ನಾಟಕ ಸಂಗೀತದಲ್ಲಿ ಅದೇ ಕೃತಿಯನ್ನು, ಅದೇ ರಾಗದಲ್ಲಿ, ಅದೇ ತಾಳದಲ್ಲಿ, ತಂಬೂರಿ ಮೃದಂಗಗಳ ಅದೇ ನಾದದೊಳಗೆ ನೂರಾರು ಜನ ಹಾಡುತ್ತಾರೆ. ಗುರುವಿನ ಬಾಯಿಂದ ಬಂದ ಸಂಗತಿಯನ್ನು ಶಿಷ್ಯೆ ಕೂದಲೆಳೆಯಷ್ಟೂ ತಪ್ಪದೆ ಹಾಡಿದರೆ ನಾವು ಅದನ್ನು ಪಾಠಾಂತರ ಎಂದು ಕೈ ಮುಗಿಯುತ್ತೇವೆ. ಯಂತ್ರದ ಕಿವಿಗೆ ಅದು ಕಳವು.

ಮೇಲ್ಮನವಿಗೆ ಅವಕಾಶವಿದೆ, ನಿಜ. ಒಂದು ನಮೂನೆ ತುಂಬಬೇಕು, ದಿನಗಟ್ಟಲೆ ಕಾಯಬೇಕು. ಅಷ್ಟರಲ್ಲಿ ಕಚೇರಿ ಮುಗಿದು, ಕೇಳಲು ಕುಳಿತವರು ಎದ್ದುಹೋಗಿರುತ್ತಾರೆ. ಧ್ವನಿ ಪರೀಕ್ಷೆಯಲ್ಲಿ ಫೇಲು ಮಾಡಿದ ಆಕಾಶವಾಣಿಯ ಅಧಿಕಾರಿಯ ಎದುರಿಗೆ ಹೋಗಿ, ನನ್ನದು ಏಕೆ ಆಗಲಿಲ್ಲ ಸ್ವಾಮಿ ಎಂದು ಕೇಳಬಹುದಿತ್ತು. ಅವರು ಗದರಿಸಿಯಾದರೂ ಉತ್ತರ ಕೊಡುತ್ತಿದ್ದರು.

ಕನ್ನಡದ ಹಾಡುಗಳಿಗೂ 2022ರಲ್ಲಿ ಇಂಥ ಬಿಸಿ ತಟ್ಟಿತು. ‘ಕಾಂತಾರ’ ಬಂದ ಕೆಲವೇ ದಿನಗಳಲ್ಲಿ ಅದರ ‘ವರಾಹ ರೂಪಂ’ ಹಾಡನ್ನು ಕೇರಳದ ತೈಕ್ಕುಡಂ ಬ್ರಿಡ್ಜ್ ತಂಡದ ‘ನವರಸಂ’ ಜೊತೆ ಹೋಲಿಸಿ ಕೇಳುಗರೇ ಜಾಲತಾಣಗಳಲ್ಲಿ ಚರ್ಚೆ ಎಬ್ಬಿಸಿದರು. ಅಕ್ಟೋಬರ್ ಕೊನೆಗೆ ಕೋಳಿಕ್ಕೋಡಿನ ನ್ಯಾಯಾಲಯದಿಂದ ತಡೆಯಾಜ್ಞೆ ಬಂತು, ನವೆಂಬರಿನಲ್ಲಿ ಸಿನಿಮಾ ಒಟಿಟಿಗೆ ಬಂದಾಗ ಹಾಡಿನ ಮಟ್ಟು ಬದಲಾಗಿತ್ತು. ಅದೇ ನವೆಂಬರ್ 7ರಂದು ಬೆಂಗಳೂರಿನ ವಾಣಿಜ್ಯ ನ್ಯಾಯಾಲಯವೊಂದು ಇನ್ನೂ ದೊಡ್ಡ ಆದೇಶ ಕೊಟ್ಟಿತು. ‘ಕೆಜಿಎಫ್ 2’ರ ಸಂಗೀತವನ್ನು ಭಾರತ್ ಜೋಡೋ ಯಾತ್ರೆಯ ವಿಡಿಯೋಗಳಿಗೆ ಬಳಸಿದ್ದಾರೆಂಬ ದೂರಿನ ಮೇಲೆ ಕಾಂಗ್ರೆಸ್ ಪಕ್ಷದ ಮತ್ತು ಯಾತ್ರೆಯ ಟ್ವಿಟರ್ ಖಾತೆಗಳನ್ನೇ ತಾತ್ಕಾಲಿಕವಾಗಿ ತಡೆಹಿಡಿಯಲು ಹೇಳಿತು. ಮರುದಿನವೇ ಹೈಕೋರ್ಟ್, ಆ ತುಣುಕುಗಳನ್ನು ತೆಗೆದುಹಾಕಬೇಕೆಂಬ ಷರತ್ತಿನ ಮೇಲೆ, ಆದೇಶವನ್ನು ರದ್ದುಮಾಡಿತು. ಯಾವ ಪಕ್ಷ ಎಂಬುದನ್ನು ಪಕ್ಕಕ್ಕಿಟ್ಟು ಯೋಚಿಸಬೇಕು. ಒಂದು ಸಿನಿಮಾ ಹಾಡಿನ ಕೆಲವು ಸೆಕೆಂಡುಗಳಿಗಾಗಿ ದೇಶದ ಒಂದು ರಾಜಕೀಯ ಪಕ್ಷದ ಬಾಯಿಗೇ ಒಂದು ದಿನ ಬೀಗ ಬೀಳುವಂತಾಗಿತ್ತು. ಸಂಗೀತವೂ ಸಾರ್ವಜನಿಕ ಮಾತೂ ಒಂದೇ ಕೊಳವೆಯಲ್ಲಿ ಹರಿಯುತ್ತಿರುವುದರಿಂದ ಒಂದರ ನಲ್ಲಿ ತಿರುಗಿಸಿದರೆ ಇನ್ನೊಂದೂ ನಿಲ್ಲುತ್ತದೆ. ಇಲ್ಲಿ ನ್ಯಾಯಾಲಯವಿತ್ತು, ವಕೀಲರಿದ್ದರು, 24 ಗಂಟೆಯಲ್ಲಿ ಸರಿಹೋಯಿತು. ಮನೆಯಲ್ಲಿ ಕುಳಿತು ಹಾಡಿದ ವಿದುಷಿಗೆ ಹೈಕೋರ್ಟ್ ಎಲ್ಲಿಂದ ಬರಬೇಕು?

ಮತ್ತೆ ಗಿಂಡಿಗೆ ಬರೋಣ, 2015ರ ಡಿಸೆಂಬರ್ 1ಕ್ಕೆ. ಅಂದಿನ ಒಂದು ದಿನದಲ್ಲಿ ತಾಂಬರಮ್‌ನಲ್ಲಿ 49 ಸೆಂಟಿಮೀಟರ್ ಮಳೆ ಸುರಿಯಿತು. ಚೆಂಬರಂಬಾಕ್ಕಂ ಜಲಾಶಯದಿಂದ 29,000 ಕ್ಯುಸೆಕ್ ನೀರು ಅಡಯಾರ್ ನದಿಗೆ ಬಂತು. ರಾತ್ರಿ ಕಳೆಯುವುದರೊಳಗೆ ಗಿಂಡಿಯ ಮಗ್ಗುಲಿನ ಈಕ್ಕಾಡುತಾಂಗಲ್, ಜಾಫರ್‌ಖಾನ್‌ಪೇಟೆ, ಸೈದಾಪೇಟೆ, ಕೋಟ್ಟೂರುಪುರಂಗಳ ಮನೆಗಳಿಗೆ ನೀರು ನುಗ್ಗಿತು. ವಿಮಾನ ನಿಲ್ದಾಣ ಮುಳುಗಿತು. 1878ರಿಂದ ನಡೆದುಬಂದ ‘ದಿ ಹಿಂದೂ’ ಪತ್ರಿಕೆ, ಕೆಲಸಗಾರರು ಮುದ್ರಣಾಲಯ ತಲುಪಲಾರದೆ, ಡಿಸೆಂಬರ್ 2ರಂದು ಚೆನ್ನೈನಲ್ಲಿ ಅಚ್ಚಾಗಲಿಲ್ಲ.

ಪತ್ರಿಕೆ ಬಾರದ ಆ ದಿನ ಊರಿನ ಡಂಗುರ ಹೊತ್ತದ್ದು ಟ್ವಿಟರ್, ಫೇಸ್‌ಬುಕ್, ವಾಟ್ಸ್‌ಆ್ಯಪ್. ಬೆಂಗಳೂರಿನಲ್ಲಿ, ಸಿಂಗಪುರದಲ್ಲಿ, ಕ್ಯಾಲಿಫೋರ್ನಿಯಾದಲ್ಲಿ ಕುಳಿತ ಹುಡುಗರು ಯಾವ ಬೀದಿ ಮುಳುಗಿದೆ ಎಂದು ನಕ್ಷೆ ಬರೆದರು. ಯಾರ ಮನೆಯಲ್ಲಿ ಜಾಗವಿದೆ, ಯಾವ ಕಲ್ಯಾಣ ಮಂಟಪದಲ್ಲಿ ಊಟವಿದೆ, ಎಲ್ಲಿ ದೋಣಿ ಬೇಕು ಎಂದು ಪಟ್ಟಿ ಮಾಡಿದರು. ಗುರುತು ಪರಿಚಯವಿಲ್ಲದವರು ಬಾಗಿಲು ತೆರೆದು ಒಳಗೆ ಕರೆದರು. ಇಂಟರ್‌ನೆಟ್ಟಿನ ಬಗ್ಗೆ ಕೆಟ್ಟದ್ದನ್ನು ಮಾತ್ರ ಬರೆಯುವವರು ಆ ವಾರವನ್ನು ನೆನೆಯಬೇಕು.

ಆದರೆ ಮುಳುಗಿದ ಬೀದಿಯೊಳಗೆ ಏನಾಗಿತ್ತು? ಕರೆಂಟು ಹೋಗಿತ್ತು. ಟವರುಗಳ ಬ್ಯಾಟರಿ ಮುಗಿದಿತ್ತು. ಮೊದಲ ಮಹಡಿಯಲ್ಲಿ ಮಕ್ಕಳನ್ನು ಅವುಚಿಕೊಂಡು ಕುಳಿತ ತಾಯಿಯ ಮೊಬೈಲು ಸತ್ತುಹೋಗಿತ್ತು. ಅವಳ ಬೀದಿಯಲ್ಲಿ ನೀರು ಎಷ್ಟಿದೆಯೆಂದು ಸಿಂಗಪುರದ ಹುಡುಗನಿಗೆ ತಿಳಿದಿತ್ತು, ಮುಂದಿನ ಬೀದಿಯಲ್ಲಿ ದೋಣಿ ಬಂದಿದೆಯೆಂದು ಅವಳಿಗೆ ತಿಳಿದಿರಲಿಲ್ಲ. ಇನ್ನೊಂದು ಕಡೆ, ಯಾರನ್ನೋ ಕಾಪಾಡಿ ಎರಡು ದಿನ ಕಳೆದಿದ್ದರೂ ಅವರಿಗಾಗಿ ಮೊರೆಯಿಟ್ಟ ಸಂದೇಶ ಮಾತ್ರ ಹೊಸದೆಂಬಂತೆ ಕೈಯಿಂದ ಕೈಗೆ ಓಡಾಡುತ್ತಲೇ ಇತ್ತು. ಸಂದೇಶಕ್ಕೆ ತಾರೀಖಿರಲಿಲ್ಲ, ಕಳಿಸಿದವರ ಮನೆ ಯಾವುದೆಂದು ತಿಳಿಯುತ್ತಿರಲಿಲ್ಲ, ಆದ್ದರಿಂದ ಅದನ್ನು ನಿಲ್ಲಿಸುವುದೂ ಯಾರ ಕೈಯಲ್ಲೂ ಇರಲಿಲ್ಲ. ಆ ದಿನಗಳಲ್ಲೇ ಕಡಲೂರಿನ ಜಿಲ್ಲಾಧಿಕಾರಿ ಕಚೇರಿಯಿಂದ 107.8ರಲ್ಲಿ ತುರ್ತು ಕಾಲದ ರೇಡಿಯೋ ಒಂದನ್ನು ನಡೆಸಿದರು. ಎರಡು ಬ್ಯಾಟರಿ ಸೆಲ್ಲು, ಅಂಗೈಯಗಲದ ಒಂದು ಪೆಟ್ಟಿಗೆ, ಸಾಕು. ಪ್ರವಾಹದ ನಡುವೆ ಬೇಕಾದದ್ದು ಇಂಥ ದನಿ, ಎರಡು ಫರ್ಲಾಂಗು ಆಚೆ ಏನಾಗುತ್ತಿದೆಯೆಂದು ಹೇಳುವ ದನಿ.

ಮನೆಯಿಲ್ಲದ ದನಿ ಎಷ್ಟು ಕ್ರೂರವಾಗಬಲ್ಲದೆಂಬುದನ್ನು ಕರ್ನಾಟಕ ಎರಡು ಸಲ ಕಂಡಿದೆ. 2012ರ ಆಗಸ್ಟಿನಲ್ಲಿ ಎಸ್ಸೆಮ್ಮೆಸ್ಸಿನ ಗಾಳಿಮಾತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರಿನ ರೈಲು ನಿಲ್ದಾಣದಲ್ಲಿ ಮುಗಿಬಿದ್ದರು, ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಚೆನ್ನೈಯಿಂದಲೂ ಜನ ಹೊರಟರು. ಕೇಂದ್ರ ಸರ್ಕಾರ ಒಟ್ಟಾಗಿ ಕಳಿಸುವ ಎಸ್ಸೆಮ್ಮೆಸ್ಸನ್ನು ಐದಕ್ಕೆ ಮಿತಿಗೊಳಿಸಿತು. ಆರು ವರ್ಷದ ಮೇಲೆ, 2018ರ ಜುಲೈ 13ರಂದು, ಬೀದರ್ ಜಿಲ್ಲೆಯಲ್ಲಿ ಹೈದರಾಬಾದಿನಿಂದ ಬಂದ ಯುವಕರು ಶಾಲೆಯ ಮಕ್ಕಳಿಗೆ ಚಾಕೊಲೇಟು ಕೊಟ್ಟರು. ಮಕ್ಕಳ ಕಳ್ಳರೆಂಬ ಅನುಮಾನ ಎದ್ದಿತು, ಯಾರೋ ವಿಡಿಯೋ ಮಾಡಿ ವಾಟ್ಸ್‌ಆ್ಯಪಿನಲ್ಲಿ ಹರಿಬಿಟ್ಟರು. ತಪ್ಪಿಸಿಕೊಂಡು ಹೊರಟ ಕಾರಿಗಿಂತ ಮೊದಲೇ ಸುದ್ದಿ ಮುರ್ಕಿ ಎಂಬ ಊರನ್ನು ಮುಟ್ಟಿತ್ತು. ಅಲ್ಲಿ ಗುಂಪು ಕಾದಿತ್ತು. ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಸತ್ತರು. ಅದೇ ತಿಂಗಳು ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಮುಂದಕ್ಕೆ ಕಳಿಸುವ ಮಿತಿಯನ್ನು ನಿಗದಿಮಾಡಿತು: ಮತ್ತೆ ಐದು. ಮುರ್ಕಿಯಂಥ ಊರಿಗೆ ಅಷ್ಟು ಹೊತ್ತಿಗೆ ಬೇಕಿದ್ದದ್ದು ಎಣಿಕೆಯ ಮಿತಿಗಿಂತ ಹೆಚ್ಚಾಗಿ, ಇವರು ಕಳ್ಳರಲ್ಲ, ನಾನು ವಿಚಾರಿಸಿದ್ದೇನೆ ಎಂದು ಊರವರಿಗೆ ಗುರುತಿರುವ ದನಿಯಲ್ಲಿ ಯಾರಾದರೂ ಹೇಳುವುದು.

ಅಂಥ ದನಿಗೆ ನಮ್ಮ ಕಾನೂನು ಏನು ಮಾಡಿದೆಯೆಂದು ನೋಡಿದರೆ ಹೊಟ್ಟೆ ಉರಿಯುತ್ತದೆ. ತರಂಗಗಳು ಸಾರ್ವಜನಿಕ ಸೊತ್ತು ಎಂದು ಸುಪ್ರೀಂ ಕೋರ್ಟ್ 1995ರ ಫೆಬ್ರುವರಿಯಲ್ಲಿ ಹೇಳಿತು. ಶಿಕ್ಷಣ ಸಂಸ್ಥೆಗಳಿಗೆ ಪರವಾನಗಿ ಸಿಗಲು 2002ರ ಕೊನೆಯವರೆಗೆ ಕಾಯಬೇಕಾಯಿತು. ಗಿಂಡಿಯ ಕೇಂದ್ರ ಹುಟ್ಟಿದ್ದು ಆ ನಿಯಮದಡಿ. ಸ್ವಯಂಸೇವಾ ಸಂಸ್ಥೆಯೊಂದರ ಮೊದಲ ರೇಡಿಯೋ ಬಂದದ್ದು 2008ರಲ್ಲಿ, ನಮ್ಮ ಬೀದರ್ ಗಡಿಯಾಚೆಗಿನ ಜಹೀರಾಬಾದ್ ಬಳಿಯ ಪಸ್ತಾಪುರದಲ್ಲಿ, ದಲಿತ ಹೆಣ್ಣುಮಕ್ಕಳು ನಡೆಸುವ ಸಂಘಂ ರೇಡಿಯೋ. ಇಂದು ದೇಶದಲ್ಲಿ ಸುಮಾರು 500 ಸಮುದಾಯ ರೇಡಿಯೋಗಳಿವೆ. ಬೆಂಗಳೂರಿನ ರೇಡಿಯೋ ಆಕ್ಟಿವ್ ಕೂಡ 90.4, ಮಣಿಪಾಲದ್ದೂ 90.4, ಗಿಂಡಿಯದ್ದೂ 90.4. ಒಂದರ ವೃತ್ತ ಇನ್ನೊಂದಕ್ಕೆ ತಾಗದ ಕಾರಣ ಒಂದೇ ಅಂಕಿ ಎಷ್ಟು ಊರಿಗಾದರೂ ಸಾಲುತ್ತದೆ, ಪ್ರತಿ ಊರಿನಲ್ಲೂ ಅದು ಬೇರೆ ಮಾತಾಡುತ್ತದೆ. ಆದರೆ ಇವರು ಯಾರೂ ಸುದ್ದಿ ಹೇಳುವಂತಿಲ್ಲ. ಸುದ್ದಿ ಮತ್ತು ಪ್ರಚಲಿತ ವಿದ್ಯಮಾನಗಳ ಕಾರ್ಯಕ್ರಮ ಕೂಡದೆಂಬುದು ನಿಯಮ, ಆಕಾಶವಾಣಿಯ ವಾರ್ತೆಯನ್ನು ಮರುಪ್ರಸಾರ ಮಾಡಬಹುದು, ಅಷ್ಟೇ. ಹೆಸರು, ವಿಳಾಸ, ಪರವಾನಗಿ ಎಲ್ಲವನ್ನೂ ಸರ್ಕಾರಕ್ಕೆ ಒಪ್ಪಿಸಿದ, ಕೆಲವು ಕಿಲೋಮೀಟರ್ ಮಾತ್ರ ಕೇಳುವ ರೇಡಿಯೋ ತನ್ನ ಊರಿನ ಸುದ್ದಿ ಹೇಳಲಾರದು. ಹೆಸರಿಲ್ಲದ, ವಿಳಾಸವಿಲ್ಲದ ಒಂದು ಖಾತೆ ದೇಶಕ್ಕೆಲ್ಲ ಏನನ್ನು ಬೇಕಾದರೂ ಸುದ್ದಿಯೆಂದು ಹೇಳಬಹುದು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದ ಯಾರಿಗೂ ಇದು ತಲೆಕೆಳಗಾಗಿದೆ ಎನ್ನಿಸಬೇಕು. ಸಮುದಾಯ ರೇಡಿಯೋಗಳಿಗೆ ಸುದ್ದಿಯ ಹಕ್ಕು ಸಿಗಲೇಬೇಕು. ಹಾಗೆಯೇ, ಹಾಡನ್ನೂ ಮಾತನ್ನೂ ಅಳಿಸುವ ದೊಡ್ಡ ಜಾಲತಾಣಗಳು ಪ್ರತಿ ಭಾಷೆಯಲ್ಲೂ ಆ ಭಾಷೆಯ ಸಂಗೀತ ಬಲ್ಲ ಮನುಷ್ಯರನ್ನು ಕೂರಿಸಿ, ಗಂಟೆಗಳ ಒಳಗೆ ಉತ್ತರ ಕೊಡುವಂತಾಗಬೇಕು.

ಗಿಂಡಿಗಿಂತ ಮೊದಲೇ ನಮ್ಮಲ್ಲಿ ಒಂದು ಊರು ಈ ದಾರಿಯಲ್ಲಿ ಹೊರಟಿತ್ತು. ಕೋಲಾರ ಜಿಲ್ಲೆಯ ಬೂದಿಕೋಟೆ. ವಾಯ್ಸಸ್ ಮತ್ತು ಮೈರಾಡ ಸಂಸ್ಥೆಗಳು ಯುನೆಸ್ಕೋ ನೆರವಿನಿಂದ ಅಲ್ಲಿ ‘ನಮ್ಮ ಧ್ವನಿ’ ಶುರುಮಾಡಿದಾಗ ಹಳ್ಳಿಯವರಿಗೆ ಪ್ರಸಾರದ ಪರವಾನಗಿ ಸಿಗುತ್ತಿರಲಿಲ್ಲ. ಊರಿನ ಹುಡುಗ ಹುಡುಗಿಯರು ಬೆಳೆ, ನೀರು, ಆರೋಗ್ಯ, ಸ್ವಸಹಾಯ ಸಂಘಗಳ ಬಗ್ಗೆ ಕಾರ್ಯಕ್ರಮ ಮುದ್ರಿಸಿದರು, ಹಾಡು ಮುದ್ರಿಸಿದರು. ಗಾಳಿಯಲ್ಲಿ ಕಳಿಸಬಾರದೆಂದರೆ ತಂತಿಯಲ್ಲಿ ಕಳಿಸೋಣ ಎಂದರು. ಮೊದಲು ಧ್ವನಿವರ್ಧಕ ಕಟ್ಟಿ ಜನ ಸೇರುವಲ್ಲಿ ಕೇಳಿಸಿದರು, ಆಮೇಲೆ ಟಿವಿಯ ಕೇಬಲ್ಲಿನಲ್ಲೇ ದನಿಯನ್ನು ಸೇರಿಸಿ ಮನೆಮನೆಗೆ ಮುಟ್ಟಿಸಿದರು.

ಆ ತಂತಿ ನನಗೆ ಗಿಂಡಿಯ ರೈಲು ನಿಲ್ದಾಣದಲ್ಲಿ ನೆನಪಾಗುತ್ತದೆ. ಸಂಜೆ ತಾಂಬರಂ ಕಡೆಯ ಲೋಕಲ್ಲಿಗೆ ಕಾಯುವವರ ಕಿವಿಗಳಲ್ಲೆಲ್ಲ ತಂತಿಯಿಲ್ಲದ ಪುಟ್ಟ ಗುಂಡಿಗಳು. ಮೊಬೈಲಿನಲ್ಲಿ ಎಫ್‌ಎಂ ಕೇಳಬೇಕಾದರೆ ಇಯರ್‌ಫೋನಿನ ಆ ತಂತಿಯೇ ಆಂಟೆನಾ, ಅದಿಲ್ಲದಿದ್ದರೆ ರೇಡಿಯೋ ಹಿಡಿಯುವುದಿಲ್ಲ. ಹೊಸ ಫೋನುಗಳಲ್ಲಿ ಎಷ್ಟೋ ಕಂಪನಿಗಳು ಎಫ್‌ಎಂ ಸೌಲಭ್ಯವನ್ನೇ ಕೈಬಿಟ್ಟಿವೆ. ವಿಪತ್ತಿನ ಕಾಲಕ್ಕೆ ಅದು ಬೇಕು, ಇರಿಸಿ ಎಂದು ಕೇಂದ್ರ ಸರ್ಕಾರ 2023ರಲ್ಲಿ ತಯಾರಕರಿಗೆ ಸಲಹೆ ಕಳಿಸಬೇಕಾಯಿತು. ಪ್ಲಾಟ್‌ಫಾರ್ಮಿನಲ್ಲಿ ನಿಂತವರ ಮೈಯ ಮೂಲಕವೇ 90.4ರ ಅಲೆ ಹಾದುಹೋಗುತ್ತಿರುತ್ತದೆ. ಅವರು ಕೇಳುತ್ತಿರುವ ಹಾಡು ಯಾವುದೋ ಖಂಡದ ಗೋದಾಮಿನಿಂದ ಬರುತ್ತಿದೆ, ಮುಂದಿನದು ಯಾವುದೆಂದು ಅಲ್ಲಿಯೇ ತೀರ್ಮಾನವಾಗಿದೆ. ರೈಲು ಬರುತ್ತದೆ, ಸೇಂಟ್ ಥಾಮಸ್ ಮೌಂಟ್ ದಾಟಿ ದಕ್ಷಿಣಕ್ಕೆ ಹೋದಂತೆ ಗಿಂಡಿಯ ದನಿ ಒಂದಿಷ್ಟು ಕರಕರ ಎಂದು ತೆಳುವಾಗಿ ನಿಂತುಹೋಗುತ್ತದೆ. ಬ್ಯಾಗಿನ ತಳದಲ್ಲಿ ಹಳೆಯ ತಂತಿಯ ಇಯರ್‌ಫೋನನ್ನು ಇನ್ನೂ ಇಟ್ಟುಕೊಂಡವರಿಗೆ ಮಾತ್ರ ಅದು ಕೇಳಿಸುತ್ತದೆ.